ನಡುಮನೆಯಲ್ಲಿ ಕಂಪ್ಯೂಟರ್ ಕಟ್ಟುವ ಮರಿಸ್ವಾಮಿ

ಕನಕಪುರದ ಬಸ್ ನಿಲ್ದಾಣದ ಹಿಂದಿನ ಬೀದಿಗೆ ಇನ್ನೂ ಹಾಲಿನ ಗಾಡಿ ಬಂದಿಲ್ಲ. ಮರಿಸ್ವಾಮಿ ಆಗಲೇ ಎದ್ದು, ಮಂಚದ ಮೇಲೆ ದುಪ್ಪಟಿ ಹಾಸಿ, ಅದರ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಇಡುತ್ತಿದ್ದಾರೆ. ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಲ್ಲಕ್ಕೂ ಕರೆಂಟು ಹಂಚುವ ಎಸ್‌ಎಂಪಿಎಸ್. ಪ್ರತಿ ಪೆಟ್ಟಿಗೆಯ ಮೂಲೆಯ ಸೀಲನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ. ಒಡೆಯುವುದಿಲ್ಲ. ಸೀಲು ಒಡೆಯುವುದು ಉಯ್ಯಂಬಳ್ಳಿಯ ಕೃಷ್ಣಪ್ಪನವರ ನಡುಮನೆಯಲ್ಲಿ, ಮನೆಮಂದಿಯ ಕಣ್ಣೆದುರು.

ಒಲೆಯ ಮುಂದಿನಿಂದ ಹೆಂಡತಿ ವಿಮಲಮ್ಮನ ದನಿ ಬರುತ್ತದೆ. “ಒಂದ್ಸಲ ಇಲ್ಲೇ ಹಚ್ಚಿ ನೋಡ್ಕೊಂಡು ಹೋಗಬಾರ್ದಾ? ಅಲ್ಲಿಗೋದ್ಮೇಲೆ ಕೈ ಕೊಟ್ರೆ?”

“ಸೀಲ್ ಒಡೆದ ಪೆಟ್ಟಿಗೆ ಹೊತ್ಕೊಂಡು ಯಾವ ಮೊಕ ಇಟ್ಕೊಂಡು ಹೋಗ್ಲಿ? ಯಾರೋ ಬಳಸಿ ಬುಟ್ಟಿದ್ದು ತಂದವ್ನೆ ಅಂತಾರೆ.”

“ಈಗ ಸೀಲ್ ನೋಡೋರು ಯಾರವ್ರೆ? ನೀವೊಬ್ರೇ.”

ಮರಿಸ್ವಾಮಿ ದುಪ್ಪಟಿಯ ನಾಲ್ಕು ಮೂಲೆ ಸೇರಿಸಿ ಗಂಟು ಬಿಗಿಯುತ್ತಾರೆ. ಹೆಂಡತಿಯ ಮಾತಿನಲ್ಲಿ ಸುಳ್ಳಿಲ್ಲ. ಮನೆಗೇ ಬಂದು ಕಂಪ್ಯೂಟರ್ ಕಟ್ಟಿಕೊಡಿ ಎಂದು ಕರೆಯುವವರು ಕಡಿಮೆಯಾಗಿ ಬಹಳ ಕಾಲವಾಯಿತು. ಹಾರೋಹಳ್ಳಿಯಲ್ಲಿ ಸಿಸಿ ಕ್ಯಾಮೆರಾ ಅಂಗಡಿ ಇಟ್ಟಿರುವ ಕೆಂಪರಾಜು, ಬಂದು ನನ್ನ ಜೊತೆ ಸೇರಿಕೋ, ದಿನಾ ಕೆಲಸ ಇರುತ್ತದೆ ಎಂದು ಬೆನ್ನು ಹತ್ತಿದ್ದಾನೆ. ಇವತ್ತು ಸಾಯಂಕಾಲ ಅವನಿಗೆ ಉತ್ತರ ಹೇಳಬೇಕು. ಉಯ್ಯಂಬಳ್ಳಿಯ ಮನೆಯೂ ರೆಡಿಮೇಡ್ ಕಂಪ್ಯೂಟರಿನ ಕಡೆಗೆ ಹೋಗಿಬಿಟ್ಟರೆ ಈ ಕೆಲಸಕ್ಕೆ ಕೈ ಮುಗಿದು ಕ್ಯಾಮೆರಾ ಕಂಬ ಹತ್ತುವುದು ಎಂದು ಗಂಡ ಹೆಂಡತಿ ರಾತ್ರಿಯೇ ಮಾತಾಡಿಕೊಂಡಿದ್ದಾರೆ.

ಇದನ್ನೆಲ್ಲ ಕೂರಿಸುವ ಖಾಲಿ ಕ್ಯಾಬಿನೆಟ್ಟನ್ನು ಕಾಲ ಬಳಿ ಇಟ್ಟು, ಗಂಟನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಮರಿಸ್ವಾಮಿ ಬಸ್ಸಿನಲ್ಲಿ ಕೂರುತ್ತಾರೆ. ವಯಸ್ಸು ಐವತ್ತು ದಾಟಿದೆ. ಕನ್ನಡಕದ ಒಂದು ಕಡ್ಡಿಗೆ ತಾಮ್ರದ ತಂತಿ ಸುತ್ತಿದ್ದಾರೆ. ಅಂಗಿಯ ಜೇಬಿನಲ್ಲಿ ಪೆನ್ನು ಇರುವ ಜಾಗದಲ್ಲಿ ಸ್ಕ್ರೂಡ್ರೈವರ್ ಇದೆ.

ಈ ಸೀಮೆಯ ಹಳ್ಳಿಗಳಲ್ಲಿ ಒಡವೆ ಮಾಡಿಸಬೇಕೆಂದರೆ ಅಕ್ಕಸಾಲಿಗನನ್ನು ಮನೆಗೇ ಕರೆಸುತ್ತಿದ್ದರು. ಜಗುಲಿಯಲ್ಲೇ ಬೆಂಕಿ ಮಾಡಿ, ಮನೆಯವರು ನೋಡುತ್ತಿದ್ದಂತೆ ಚಿನ್ನ ಕರಗಿಸಬೇಕು. ಮಂಚವೋ ಬಾಗಿಲೋ ಆದರೆ ಬಡಗಿ ಬಂದು ಅಂಗಳದಲ್ಲೇ ಮರ ಕುಯ್ಯಬೇಕು. ಕಣ್ಣಿಗೆ ಕಾಣದ ಕಡೆ ತಯಾರಾದದ್ದನ್ನು ದೊಡ್ಡವರು ನಂಬುತ್ತಿರಲಿಲ್ಲ. ಊರಿಗೆ ಕಂಪ್ಯೂಟರ್ ಬಂದ ಹೊಸದರಲ್ಲೂ ಅವರು ಇದನ್ನೇ ಕೇಳಿದರು. ಒಳಗೆ ಏನಿದೆಯೋ ಯಾರಿಗೆ ಗೊತ್ತು, ನಮ್ಮ ಮನೆಗೇ ಬಂದು ಕಟ್ಟಿಕೊಡಿ ಎಂದರು. ಪೇಟೆಯ ಅಂಗಡಿಯವರು ನಕ್ಕರು. ಮರಿಸ್ವಾಮಿ ನಗಲಿಲ್ಲ, ಹೊರಟರು.

ಅವರು ಆಗ ಕನಕಪುರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಸ ಗುಡಿಸುವ, ಟೈಪ್‌ರೈಟರ್‌ಗೆ ಎಣ್ಣೆ ಬಿಡುವ ಕೆಲಸದಲ್ಲಿದ್ದರು. ಇನ್‌ಸ್ಟಿಟ್ಯೂಟಿಗೆ ಕಂಪ್ಯೂಟರ್ ಬಂದವು, ಟೈಪ್‌ರೈಟರ್‌ಗಳು ಮೂಲೆ ಸೇರಿದವು. ಎಣ್ಣೆ ಬಿಡುವವನಿಗೆ ಕೆಲಸವಿಲ್ಲದಂತಾಗಿ, ಬೆಂಗಳೂರಿನಿಂದ ರಿಪೇರಿಗೆ ಬರುತ್ತಿದ್ದವರ ಪಕ್ಕ ಕೂತು ಬಿಚ್ಚುವುದು ಜೋಡಿಸುವುದು ಕಲಿತರು. ಮೊದಲ ಕರೆ ಬಂದದ್ದು ಮಾಗಡಿ ಕಡೆಯ ರೈಸ್ ಮಿಲ್ಲಿನ ಯಜಮಾನರಿಂದ. “ಮಿಲ್ಲನ್ನೇ ಬಿಚ್ಚಿ ಜೋಡ್ಸಿರೋನು ನಾನು, ಇದೇನ್ ಮಹಾ, ನನ್ನ ಮುಂದೆ ಕಟ್ಟು ನೋಡಾನ ಅಂದ್ರು,” ಎಂದು ಮರಿಸ್ವಾಮಿ ನೆನೆಯುತ್ತಾರೆ. “ಒಂದು ಸ್ಕ್ರೂ ಕೆಳಕ್ಕೆ ಬಿದ್ರೆ ಬೀದಿಯವ್ರೆಲ್ಲಾ ಬಗ್ಗಿ ಹುಡುಕೋರು.”

ಆ ದಿನಗಳೇ ಬೇರೆ. ಮಾನಿಟರ್ ಅಂದರೆ ನೀರೊಲೆಯ ಹಂಡೆಯಷ್ಟು ಭಾರ. ಅದನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದರೆ ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯುತ್ತಿದ್ದ, ಇಳಿಯುವಾಗ ತಾನೇ ಕೈ ಕೊಡುತ್ತಿದ್ದ. ಕಂಪ್ಯೂಟರ್ ಕಟ್ಟುವ ದಿನ ಮನೆಯಲ್ಲಿ ಪಾಯಸ. ನೆಂಟರಿಗೆ ಹೇಳಿಕಳಿಸುತ್ತಿದ್ದರು. ಜನ ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಬರುತ್ತಿದ್ದರು. ಕೆಲಸ ಮುಗಿದ ಮೇಲೆ ಮನೆಯ ಹಿರಿಯರೇ ಸ್ವಿಚ್ ಒತ್ತಬೇಕು. ಮಾರನೆಯ ದಿನದೊಳಗೆ ಅದಕ್ಕೆ ರವಿಕೆ ಕಣದ ಬಟ್ಟೆಯಲ್ಲಿ ಗವಸು ಹೊಲಿದು ತೊಡಿಸುತ್ತಿದ್ದರು. ಸುತ್ತಲೂ ಅಂಚು ಇರುವ ಗವಸು!

“ಕೂಟಗಲ್ ಕಡೆ ಒಂದು ಮನೆ, ರೇಷ್ಮೆ ಸಾಕೋರು. ಫ್ಯಾನ್ ತಿರುಗ್ತಿಲ್ಲ ಬನ್ನಿ ಅಂದ್ರು. ಬಿಚ್ಚಿ ನೋಡ್ತೀನಿ, ಒಂದು ಹಣ್ಣಾದ ಹುಳ ಬಿದಿರಿನ ಚಂದ್ರಿಕೆ ತಟ್ಟೆ ಬುಟ್ಟು ಹರ್ಕೊಂಡು ಬಂದು ಕ್ಯಾಬಿನೆಟ್ ಒಳಗೆ ಗೂಡು ಕಟ್ಬುಟ್ಟೈತೆ! ಬೆಚ್ಚಗಿತ್ತಲ್ಲ, ಅದ್ಕೂ ಇಷ್ಟ ಆಯ್ತು. ಮನೆಯೋರು ಗೂಡು ಕೀಳಕ್ಕೆ ಬುಡ್ಲಿಲ್ಲ. ಚಿಟ್ಟೆ ಹೊರಕ್ಕೆ ಬರೋವರ್ಗೂ ಕಂಪ್ಯೂಟರ್ ಬಂದ್.” ಮರಿಸ್ವಾಮಿ ನಗುತ್ತಾರೆ. ಕಿಟಕಿಯಾಚೆ ಹಿಪ್ಪುನೇರಳೆ ತೋಟ, ರಾಗಿ ಹೊಲ ಹಿಂದಕ್ಕೆ ಓಡುತ್ತವೆ.

ಈಗ ಫೋನಿನ ಮೇಲೆ ಬೆರಳು ಒತ್ತಿದರೆ ಡಬ್ಬ ಬಾಗಿಲಿಗೆ ಬಂದು ಬೀಳುತ್ತದೆ. ಬರಲಿ, ತಪ್ಪೇನಿಲ್ಲ. ಆದರೆ ಕೆಲವನ್ನು ಬಿಚ್ಚಿ ನೋಡಿದರೆ ವಾರಂಟಿ ಹೋಗುತ್ತದಂತೆ. ದುಡಿದು ತಂದ ವಸ್ತುವಿನ ಹೊಟ್ಟೆ ನೋಡುವ ಹಕ್ಕು ನಮಗಿಲ್ಲ ಅಂದಮೇಲೆ ಅದು ನಮ್ಮದು ಹೇಗಾಗುತ್ತದೆ? ಇದನ್ನು ಯಾರೂ ಕೇಳುವುದಿಲ್ಲ. ಡಬ್ಬದ ಮೇಲಿನ ಚಿತ್ರ ನೋಡಿ ಬಾಯಿ ಬಿಡುತ್ತಾರೆ.

ಹಾಗೆಂದು ಮರಿಸ್ವಾಮಿ ಎಲ್ಲರಿಗೂ ಕಟ್ಟಿಸಿಕೊಳ್ಳಿ ಎನ್ನುವವರಲ್ಲ. ಮೊನ್ನೆ ಒಂದು ಹಾಲಿನ ಸೊಸೈಟಿಯವರು ಫೋನ್ ಮಾಡಿದ್ದರು. ಏನು ಕೆಲಸಕ್ಕೆ ಎಂದು ಇವರು ಕೇಳಿದರು. ಕಾಗದ ಪತ್ರ ಟೈಪ್ ಮಾಡಕ್ಕೆ ಅಂದರು. ರೆಡಿಮೇಡ್ ಡಬ್ಬವನ್ನೇ ತಗೊಳ್ಳಿ, ನಾನು ಬೇಡ ಎಂದು ಫೋನ್ ಇಟ್ಟುಬಿಟ್ಟರು. “ಬರೀ ಲೆಟ್ರು ಬರ‍್ಯೋಕೆ, ಪಹಣಿ ತೆಗ್ಯೋಕೆ ಡಬ್ಬವೇ ಸಾಕು. ತಂದಿಟ್ರೆ ಮುಗೀತು. ಮುಂದಕ್ಕೆ ಬೆಳೀತೀನಿ ಅನ್ನೋರಿಗೆ ಮಾತ್ರ ಕಟ್ಟಿಸ್ಕೋ ಅಂತೀನಿ. ಈಗೊಂದು ರೂಮು, ಕೈಲಾದಾಗ ಇನ್ನೊಂದು ರೂಮು. ಮನೆ ಕಟ್ಟಿಸ್ದಂಗೆ,” ಎನ್ನುತ್ತಾರೆ. ಅಂದು ವಿಮಲಮ್ಮ ತಲೆ ಚಚ್ಚಿಕೊಂಡಿದ್ದರಂತೆ. ಬಂದ ಗಿರಾಕಿಯನ್ನು ಹೋಗು ಅನ್ನುವವರು ಇಡೀ ತಾಲ್ಲೂಕಿನಲ್ಲಿ ಇವರೊಬ್ಬರೇ ಎಂಬುದು ಅವರ ದೂರು.

ಉಯ್ಯಂಬಳ್ಳಿಯಲ್ಲಿ ಕೃಷ್ಣಪ್ಪನವರು ಬಾಗಿಲಲ್ಲೇ ಕಾಯುತ್ತಿದ್ದಾರೆ. ಕಂಪ್ಯೂಟರ್ ಬೇಕಿರುವುದು ಅವರ ಮಗಳು ನವ್ಯಶ್ರೀಗೆ. ಡಿಗ್ರಿ ಮುಗಿಸಿ ಸ್ಟುಡಿಯೊ ಒಂದರಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಕಲಿತ ಹುಡುಗಿ, ಈಗ ಮನೆಯಲ್ಲೇ ಕೂತು ಆ ಕೆಲಸ ಮಾಡಲು ಹೊರಟಿದ್ದಾಳೆ. ಅವಳು ಶಾಲೆಯಲ್ಲಿದ್ದಾಗ ಮರಿಸ್ವಾಮಿ ಇದೇ ನಡುಮನೆಯಲ್ಲಿ ಕಟ್ಟಿಕೊಟ್ಟಿದ್ದ ಕಂಪ್ಯೂಟರಿಗೆ ಆ ಭಾರ ತಡೆಯುವುದಿಲ್ಲ. ಅವಳ ಅಣ್ಣ ದೀಪು ಬಿಡದಿಯ ಕಾರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಇವತ್ತು ಭಾನುವಾರದ ರಜೆ. ಅವನು ಕೈಯಲ್ಲಿ ಫೋನು ಹಿಡಿದೇ ಎದುರಾಗುತ್ತಾನೆ.

“ಬೇಜಾರು ಮಾಡ್ಕೋಬೇಡ ಮರಿಸ್ವಾಮಣ್ಣ. ಇಲ್ನೋಡು, ರೆಡಿಮೇಡು. ಒಂದೇ ಡಬ್ಬ, ಒಂದೇ ಬಿಲ್ಲು. ಕೆಟ್ರೆ ಒಂದು ನಂಬರ್‌ಗೆ ಫೋನ್ ಮಾಡಿದ್ರೆ ಆಯ್ತು.”

“ಆ ನಂಬರ್‌ಗೆ ಮಾಡಿದ್ಯಾ ಯಾವತ್ತಾದ್ರೂ?” ಎಂದು ನವ್ಯಶ್ರೀ ಒಳಗಿನಿಂದಲೇ ಕೇಳುತ್ತಾಳೆ. “ಒಂದು ಒತ್ತಿ, ಎರಡು ಒತ್ತಿ ಅಂದ್ಕೊಂಡು ಹೊತ್ತು ಮುಳುಗಿಸ್ತಾರೆ.”

“ನೀನು ಸುಮ್ನಿರು ತಾಯಿ.”

“ಕೆಲ್ಸ ಮಾಡೋಳು ನಾನು. ನಾನ್ಯಾಕೆ ಸುಮ್ನಿರ್ಲಿ? ಕೆಲ್ಸ ಜಾಸ್ತಿ ಬಂದ್ರೆ ರ‍್ಯಾಮ್ ಹೆಚ್ಚಿಸ್ಬೇಕು, ಇನ್ನೊಂದು ಡಿಸ್ಕ್ ಹಾಕ್ಬೇಕು. ನೀನು ತೋರಿಸ್ತಿರೋ ಡಬ್ಬದಲ್ಲಿ ಒಂದು ಬೆರಳು ತೂರ್ಸೋಕೂ ಜಾಗ ಇಲ್ಲ.”

ಕೃಷ್ಣಪ್ಪ ಇಬ್ಬರನ್ನೂ ನೋಡಿ ತೀರ್ಮಾನ ಹೇಳುತ್ತಾರೆ. “ಸಾಕು ಬುಡ್ರೋ. ಮಧ್ಯಾಹ್ನದ ಊಟದೊತ್ತಿಗೆ ಹತ್ಕೊಂಡ್ರೆ ಇದೇ ಇರ್ಲಿ. ಇಲ್ದಿದ್ರೆ ದೀಪು ಹೇಳ್ದಂಗೆ ಡಬ್ಬ ತರ್ಸುವ. ಏನಂತೀರಾ ಮರಿಸ್ವಾಮಣ್ಣ?”

“ಆಗ್ಲಿ ಕಣಣ್ಣ,” ಎಂದು ಮರಿಸ್ವಾಮಿ ಗಂಟು ಬಿಚ್ಚುತ್ತಾರೆ.

ಮರದ ಮಣೆಯೊಂದನ್ನು ಕೇಳಿ ತರಿಸಿಕೊಂಡು ಅದರ ಮೇಲೆ ಮದರ್‌ಬೋರ್ಡ್ ಇಡುತ್ತಾರೆ. ಒಂದೊಂದೇ ಸೀಲನ್ನು ಒಡೆಯುವ ಮುಂಚೆ ಪೆಟ್ಟಿಗೆಯನ್ನು ಕೃಷ್ಣಪ್ಪನವರ ಕೈಗೆ ಕೊಡುತ್ತಾರೆ. ಅವರು ಓದಲು ಬಾರದ ಅಕ್ಷರಗಳನ್ನೂ ತಿರುಗಿಸಿ ನೋಡಿ ವಾಪಸ್ ಕೊಡುತ್ತಾರೆ. ಪ್ರೊಸೆಸರನ್ನು ಅದರ ಗುಳಿಯಲ್ಲಿ ಕೂರಿಸುವಾಗ ಮರಿಸ್ವಾಮಿ ಉಸಿರು ಹಿಡಿಯುತ್ತಾರೆ, ಒತ್ತುವುದಿಲ್ಲ, ಅದರ ಭಾರಕ್ಕೆ ಅದೇ ಇಳಿಯಲು ಬಿಡುತ್ತಾರೆ. ಮೇಲೆ ಸಾಸಿವೆ ಕಾಳಿನಷ್ಟು, ಶಾಖ ಎಳೆಯುವ ಪೇಸ್ಟು, ಅದರ ಮೇಲೆ ಫ್ಯಾನು. ಅತ್ತ ಖಾಲಿ ಕ್ಯಾಬಿನೆಟ್ಟನ್ನು ಅಡ್ಡಲಾಗಿ ಮಲಗಿಸಿ, ಬೋರ್ಡ್ ತಗಡಿಗೆ ತಾಗದಂತೆ ಅದರ ಕೆಳಗೆ ಇರಬೇಕಾದ ಪುಟ್ಟ ಹಿತ್ತಾಳೆ ಕಾಲುಗಳನ್ನು ತಿರುಗಿಸಿ ಕೂರಿಸುತ್ತಾರೆ.

ಅಷ್ಟರಲ್ಲಿ ಕೃಷ್ಣಪ್ಪನವರ ತಾಯಿ ಸಿದ್ದಮ್ಮ ಒಳಗಿನಿಂದ ಬಂದು ಎಲ್ಲರನ್ನೂ ಎಬ್ಬಿಸುತ್ತಾರೆ. “ರೊಟ್ಟಿ ಆರೋಯ್ತದೆ, ಏಳ್ರೋ. ಎದ್ದು ಕೈ ತೊಳ್ಕಳಿ. ಕಂಪೂಟ್ರು ಎಲ್ಲಿಗೂ ಓಡೋಗಾಕಿಲ್ಲ.” ಎಲ್ಲರೂ ಹಿತ್ತಲಿಗೆ ಹೋಗಿ ಕೈ ತೊಳೆದು ಅಡುಗೆಮನೆಯಲ್ಲಿ ಕೂರುತ್ತಾರೆ. ರೊಟ್ಟಿ, ಹುಚ್ಚೆಳ್ಳು ಚಟ್ನಿ, ಬೆಣ್ಣೆ.

ತಿಂದು ಬಂದ ಮರಿಸ್ವಾಮಿ ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ಕ್ಯಾಬಿನೆಟ್ಟಿನೊಳಗೆ ಇಳಿಸುತ್ತಾರೆ. ಅವರ ಕಣ್ಣು ಹಿಂದಿನ ಕಿಂಡಿಗಳ ಮೇಲಿದೆ. ಕಿವಿಯಲ್ಲಿ ದೀಪುವಿನ ವಾರಂಟಿ ಪುರಾಣ. ಸ್ಕ್ರೂ ಬಿಗಿಯುತ್ತಾರೆ, ತಂತಿ ಸೇರಿಸುತ್ತಾರೆ, ಕಾರ್ಡ್ ಚುಚ್ಚುತ್ತಾರೆ. ಊಟಕ್ಕೆ ಇನ್ನೂ ಸಾಕಷ್ಟು ಹೊತ್ತಿದೆ. ಸ್ವಿಚ್ ಒತ್ತುತ್ತಾರೆ.

ಫ್ಯಾನು ಒಂದು ಸಲ ಅಲುಗಿ ನಿಂತುಬಿಡುತ್ತದೆ.

ಇನ್ನೊಮ್ಮೆ ಒತ್ತುತ್ತಾರೆ. ಮತ್ತೆ ಅದೇ. ರ‍್ಯಾಮ್ ತೆಗೆದು ಹಾಕುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಪಕ್ಕಕ್ಕಿಟ್ಟು ನೋಡುತ್ತಾರೆ. ಪ್ಲಗ್ಗು ಬದಲಿಸುತ್ತಾರೆ. ಫ್ಯಾನು ಅಲುಗುತ್ತದೆ, ನಿಲ್ಲುತ್ತದೆ. ದೀಪು ಹಂಗಿಸುವುದಿಲ್ಲ, ಮೆಲ್ಲಗೆ ಜೇಬಿನಿಂದ ಫೋನು ತೆಗೆಯುತ್ತಾನೆ. ಹಂಗಿಸಿದ್ದರೇ ವಾಸಿಯಾಗಿತ್ತು.

ಮರಿಸ್ವಾಮಿ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಳ್ಳುತ್ತಾರೆ. ಬೋರ್ಡೇ ಸತ್ತಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬರಬೇಕು. ಕೃಷ್ಣಪ್ಪ ಕೊಟ್ಟಿರುವ ಗಡುವು ಇವತ್ತಿನ ಊಟದವರೆಗೆ. ಅಲ್ಲಿ ಕೆಂಪರಾಜು ಉತ್ತರಕ್ಕೆ ಕಾದಿದ್ದಾನೆ. ಹೆಂಡತಿ ಬೆಳಿಗ್ಗೆ ಹೇಳಿದ ಮಾತು ಈಗ ಕಿವಿಯಲ್ಲಿ ಕೂತು ಕುಟುಕುತ್ತದೆ.

“ಏನಾಯ್ತಪ್ಪ?” ಎಂದು ಅಡುಗೆಮನೆ ಬಾಗಿಲಲ್ಲಿ ನಿಂತ ಸಿದ್ದಮ್ಮ ಕೇಳುತ್ತಾರೆ.

“ಗೊತ್ತಾಯ್ತಿಲ್ಲ ಕಣವ್ವ. ಎಲ್ಲ ಬಿಚ್ತೀನಿ.”

ಕಟ್ಟಿದ್ದನ್ನೆಲ್ಲ ಮೊದಲಿಂದ ಬಿಚ್ಚುವುದು ಯಾವ ಕೆಲಸಗಾರನಿಗೂ ಹಿತವಲ್ಲ, ಅದರಲ್ಲೂ ಮನೆಮಂದಿ ಸುತ್ತ ನಿಂತು ನೋಡುತ್ತಿರುವಾಗ. ಮರಿಸ್ವಾಮಿ ಪ್ಲಗ್ಗು ಕಿತ್ತು, ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು, ಬೋರ್ಡನ್ನು ಮೇಲಕ್ಕೆತ್ತುತ್ತಾರೆ. ಕೆಳಗಿನ ತಗಡಿನ ಮೇಲೆ, ಒದ್ದೆ ಅರಿಶಿನದಲ್ಲಿ ಅಂಟಿಕೊಂಡು, ಉಗುರಿನಷ್ಟು ಅಗಲದ ಲೋಹದ ಚೂರು.

“ಇದೇನಿದು?” ದೀಪು ಬಗ್ಗುತ್ತಾನೆ.

“ನಾನೇ ಕಣ್ಲಾ ಇಕ್ಕಿದ್ದು, ನೀವೆಲ್ಲಾ ಕೈ ತೊಳ್ಯಕ್ಕೆ ಹಿತ್ಲಿಗೋದಾಗ,” ಎನ್ನುತ್ತಾರೆ ಸಿದ್ದಮ್ಮ.

“ಅಜ್ಜೀ!”

“ಯಾಕ್ಲಾ ಬಡ್ಕೋತೀಯ? ಈ ಮನೆಗೆ ಬಾಗ್ಲು ನಿಲ್ಸುವಾಗ ನಿಮ್ಮ ತಾತ ಕೆಳಗೆ ಪಂಚಲೋಹ ಇಕ್ಕಿದ್ರು. ಮಿಕ್ಕಿದ್ದ ಚೂರ ಇಷ್ಟು ವರ್ಸ ಜೋಪಾನ ಮಾಡಿದ್ದೆ. ನಮ್ಮ ಮಗಾ ಇದ್ರಲ್ಲೇ ಬದುಕು ಮಾಡ್ತೀನಿ ಅಂತವ್ಳೆ. ತಳಕ್ಕೆ ಒಂದು ಚೂರು ಇಕ್ಕಿದ್ರೆ ಏನು ಮುಳುಗೋಯ್ತು?”

“ಮುಳುಗೋಗ್ಲಿಲ್ಲ ಅಜ್ಜಿ, ಸುಟ್ಟೋಯ್ತು!”

ನವ್ಯಶ್ರೀ ಅಜ್ಜಿಯ ಮುಖ ನೋಡುತ್ತಾಳೆ, ಬೋರ್ಡ್ ನೋಡುತ್ತಾಳೆ. ಕಣ್ಣಲ್ಲಿ ನೀರು ಆಡುತ್ತಿದೆ.

“ಕೂಗಬೇಡ ಕಣಪ್ಪ. ಸುಟ್ಟೈತೋ ಇಲ್ವೋ ನೋಡಾನ,” ಎಂದು ಮರಿಸ್ವಾಮಿ ಬೋರ್ಡಿನ ಬೆನ್ನನ್ನು ಬೆಳಕಿಗೆ ಹಿಡಿಯುತ್ತಾರೆ. “ಅವ್ವ ಇಕ್ಕಿದ್ದು ಸರಿ, ಇಕ್ಕಿದ ಜಾಗ ತಪ್ಪು. ಬಾಗ್ಲಿಗೆ ನಾವು ಕರೆಂಟ್ ಕೊಡಾಕಿಲ್ಲ, ಇದಕ್ಕೆ ಕೊಡ್ತೀವಿ. ಆ ಚೂರು ಬೋರ್ಡ್ ಬೆನ್ನಿಗೆ ತಾಕ್ತಾ ಇತ್ತು. ಎಸ್‌ಎಂಪಿಎಸ್ ಒಸಿ ಒಳ್ಳೇದು ತಂದಿದ್ದೆ, ತಾನೇ ಕರೆಂಟ್ ನಿಲ್ಸಿರಬೇಕು. ಅಲ್ಲಾ ಕಣವ್ವ, ಒಂದು ಮಾತು ಕೇಳ್ಬಾರ್ದಾಗಿತ್ತಾ?”

“ಶಾಸ್ತ್ರ ಮಾಡೋಕೆ ಯಾರ್ನಾದ್ರೂ ಕೇಳ್ಕೊಂಡು ಮಾಡ್ತಾರಾ? ಇಳಿಸೋ ಮುಂಚೆ ನೀನು ಕಣ್ಬುಟ್ಟು ನೋಡ್ಬೇಕಾಗಿತ್ತು.”

“ಅದೂ ನಿಜವೇ ಬುಡವ್ವ,” ಎಂದು ಮರಿಸ್ವಾಮಿ ಒಪ್ಪಿಕೊಳ್ಳುತ್ತಾರೆ. ಕೃಷ್ಣಪ್ಪನವರಿಗೆ ನಗು ತಡೆಯಲಾಗುವುದಿಲ್ಲ.

ಹಳದಿಯನ್ನು ಬಟ್ಟೆಯಲ್ಲಿ ಒರೆಸಿ, ಕುಂಚದಲ್ಲಿ ಉಜ್ಜಿ, ಬೋರ್ಡನ್ನು ಜಗುಲಿಯ ಗಾಳಿಗೆ ಹಿಡಿಯುತ್ತಾರೆ. ಪಂಚಲೋಹದ ಚೂರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕ್ಯಾಬಿನೆಟ್ಟಿನ ಮುಂಭಾಗದ ಖಾಲಿ ಜಾಗದಲ್ಲಿ, ಯಾವ ತಂತಿಯೂ ಹೋಗದ ಕಡೆ ಟೇಪ್ ಹಾಕಿ ಅಂಟಿಸುತ್ತಾರೆ. “ಇಲ್ಲಿದ್ರೆ ಆದೀತಾ?” ಎಂದು ಕೇಳಿದರೆ, “ಪೂರ್ವಕ್ಕೆ ಐತಾ?” ಎನ್ನುತ್ತಾರೆ ಸಿದ್ದಮ್ಮ. “ಕ್ಯಾಬಿನೆಟ್ ತಿರುಗಿಸಿಟ್ರೆ ಪೂರ್ವ ಕಣವ್ವ.”

ಎರಡನೆಯ ಸಲ ಕಟ್ಟಿ ಮುಗಿಸುವಾಗ ಒಳಗಿನಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿದೆ. ಇನ್ನೇನು ಊಟದ ಹೊತ್ತು. ಹಿರಿಯರು ಸ್ವಿಚ್ ಒತ್ತಬೇಕು. ಸಿದ್ದಮ್ಮ ಎರಡು ಹೆಜ್ಜೆ ಹಿಂದೆ ಸರಿದು, ನಾನೊಲ್ಲೆ, ಇನ್ನೊಂದ್ಸಲ ಬೈಸ್ಕೊಳ್ಳಕ್ಕಾಗಾಕಿಲ್ಲ ಎನ್ನುತ್ತಾರೆ. ಮರಿಸ್ವಾಮಿ ದೀಪುವಿನ ಕಡೆ ತಿರುಗುತ್ತಾರೆ. “ನೀನೇ ಒತ್ತಪ್ಪ, ವಾರಂಟಿ ಕೇಳ್ದೋನು.”

ದೀಪು ಒತ್ತುತ್ತಾನೆ. ಫ್ಯಾನು ಅಲುಗುತ್ತದೆ. ನಿಲ್ಲುವುದಿಲ್ಲ. ಮನೆಯಲ್ಲಿದ್ದ ಹಳೆಯ ಪರದೆಯ ಮೇಲೆ ಬಿಳಿ ಅಕ್ಷರ ಮೂಡುತ್ತದೆ.

ಮರಿಸ್ವಾಮಿ ಗೋಡೆಗೆ ಒರಗಿ ಒಂದು ಲೋಟ ನೀರು ಕೇಳುತ್ತಾರೆ. ಊಟದ ನಂತರ ಬೇಕಾದ್ದನ್ನೆಲ್ಲ ತುಂಬಿಸಿ ಕೊಟ್ಟಾಗ ನವ್ಯಶ್ರೀ ಮೊದಲ ಕೆಲಸ ತೆರೆಯುತ್ತಾಳೆ. ಚನ್ನಪಟ್ಟಣದ ಯಾವುದೋ ಛತ್ರದ ಮದುವೆ. ಹೆಣ್ಣು ತಲೆ ಬಗ್ಗಿಸಿಕೊಂಡು ನಡೆದು ಬರುತ್ತಾಳೆ, ವಿಡಿಯೊ ಒಂದು ಸಲವೂ ತಡವರಿಸುವುದಿಲ್ಲ. ಸಿದ್ದಮ್ಮ ಪರದೆಯ ಮುಂದೆ ಕಾಲು ಚಾಚಿ ಕೂತುಬಿಟ್ಟಿದ್ದಾರೆ. “ಯಾರ ಮಗಳವ್ವ ಇವ್ಳು? ಲಕ್ಷಣವಾಗವ್ಳೆ.”

ಕ್ಯಾಬಿನೆಟ್ಟಿನ ಮುಚ್ಚಳ ಮುಚ್ಚುವುದು ಬಾಕಿ. ದೀಪು ತಾನೇ ಸ್ಕ್ರೂಡ್ರೈವರ್ ಇಸಿದುಕೊಂಡು ಕೂರುತ್ತಾನೆ. ಬಿಗಿಯುತ್ತಾ, ತಲೆಯೆತ್ತದೆ ಹೇಳುತ್ತಾನೆ: “ಫ್ಯಾಕ್ಟ್ರೀಲಿ ನಾವೂ ಕಟ್ಟೋದೇ ಅಲ್ವಾ ಅಣ್ಣ. ನಂದು ಎಡಗಡೆ ಹಿಂದಿನ ಬಾಗ್ಲು. ದಿನಾ ಅದೇಯ. ಎಷ್ಟು ಕಾರು ಹೋದ್ವೋ. ಒಂದಾದ್ರೂ ಯಾರ ಮನೆ ಮುಂದೆ ನಿಂತೈತೆ ಅಂತ ಕೇಳಿದ್ರೆ ನಂಗೆ ಗೊತ್ತಿಲ್ಲ.”

ಮರಿಸ್ವಾಮಿ ಉಳಿದ ಸ್ಕ್ರೂಗಳನ್ನು ಅವನ ಅಂಗೈಗೆ ಹಾಕುತ್ತಾರೆ.

ಸಾಯಂಕಾಲ ಬಸ್ಸಿಗೆ ಕಾಯುವಾಗ ಫೋನ್ ಬರುತ್ತದೆ. ಹಾರೋಹಳ್ಳಿಯ ಕೆಂಪರಾಜು. ದನಿ ರಸ್ತೆಯವರೆಗೂ ಕೇಳುತ್ತದೆ. “ಏನ್ಲಾ ಮರಿಸ್ವಾಮಿ, ನಾಳೆ ಬತ್ತೀಯೋ ಇಲ್ವೋ?”

“ಬತ್ತೀನಿ ಕಣ್ಲಾ. ಇದೊಂದ್ರಲ್ಲೇ ಹೊಟ್ಟೆ ತುಂಬಾಕಿಲ್ಲ, ಕ್ಯಾಮೆರಾನೂ ಕೆಲ್ಸವೇ. ಆದ್ರೆ ಭಾನುವಾರ ನಂದು. ಭಾನುವಾರ ಕರೀಬೇಡ.”

“ಭಾನುವಾರವೇ ಅಲ್ವೇನ್ಲಾ ಅಂಗ್ಡಿಗಳು ಬಾಗ್ಲಾಕಿರೋದು, ಕೆಲ್ಸ ಮಾಡಕ್ಕೆ ಸಲೀಸು. ಯಾರು ಕರೀತಾರೆ ನಿನ್ನ ಭಾನುವಾರ?”

“ಯಾರೂ ಕರೀದಿದ್ರೆ ಮನೇಲಿ ಕೂತಿರ್ತೀನಿ. ಭಾನುವಾರ ಬುಟ್ಬುಡು. ಒಪ್ಪಿಗೆ ಆದ್ರೆ ನಾಳೆ ಬತ್ತೀನಿ, ಇಲ್ದಿದ್ರೆ ಬ್ಯಾಡ.”

ಆ ಕಡೆಯಿಂದ ಒಂದೆರಡು ಬೈಗುಳ, ಆಮೇಲೆ ನಗು, ಆಮೇಲೆ ಒಪ್ಪಿಗೆ. ವಿಮಲಮ್ಮನಿಗೂ ಫೋನ್ ಮಾಡಿ ಇದನ್ನೇ ಹೇಳುತ್ತಾರೆ. ವಾರದ ಆರು ದಿನವಾದರೂ ಸಿಕ್ಕಿತಲ್ಲ ಎಂದು ಆಕೆ ಅನ್ನುವುದು ಕೇಳಿಸುತ್ತದೆ.

ಬಸ್ಸು ಬರುತ್ತದೆ. ಮರಿಸ್ವಾಮಿ ಬರಿಗೈಯಲ್ಲಿ ಕಿಟಕಿ ಪಕ್ಕ ಕೂರುತ್ತಾರೆ. ಸಂಜೆ ಬೆಳ್ಳಗಿರುವಾಗಲೇ ಕೆಲವು ಮನೆಗಳಲ್ಲಿ ದೀಪ ಹಚ್ಚಿದ್ದಾರೆ. ಅಲ್ಲೊಂದು ಹೆಂಚಿನ ಮನೆ, ಇಲ್ಲೊಂದು ಹೊಸ ತಾರಸಿ, ಅದರ ಪಕ್ಕ ಮಾವಿನ ತೋಪಿನ ಒಂಟಿ ಮನೆ. ಒಂದೊಂದನ್ನೂ ತಲೆ ತಿರುಗಿಸಿ ನೋಡುತ್ತಾರೆ. ಒಳಗೆ ತಾವು ಕಟ್ಟಿಕೊಟ್ಟ ಕಂಪ್ಯೂಟರ್ ಈಗಲೂ ನಡೆಯುತ್ತಿದೆಯೋ, ಗುಜರಿಗೆ ಹೋಯಿತೋ ಅವರಿಗೂ ಗೊತ್ತಿಲ್ಲ. ಇಷ್ಟು ವರ್ಷ ಇದರಿಂದ ಏನು ಸಿಕ್ಕಿತು ಎಂದು ಕೇಳಿದರೆ, ಕಿಟಕಿಯಾಚೆಗೇ ಕಣ್ಣಿಟ್ಟು ಹೇಳುತ್ತಾರೆ:

“ಈ ದಾರೀಲಿ ಬಾಯಾರಿಕೆ ಆದ್ರೆ ಯಾವ ಮನೆ ಬಾಗ್ಲಾದ್ರೂ ತಟ್ಟಿ ನೀರು ಕೇಳ್ತೀನಿ. ಕೇಳಕ್ಕೆ ನಾಚ್ಕೆ ಪಡ್ಬೇಕಾದ ಮನೆ ಒಂದೂ ಇಲ್ಲ.”